ತೂಕ ಇಳಿಸುವ ಆಪರೇಶನ್ ಆದವರು ಓಡಬಹುದೇ?



ಕಳೆದ ಮಹಾಸಂಘದ ಸಭೆಯಲ್ಲಿ ಒಬ್ಬ ಸದಸ್ಯೆ ಎದ್ದು ನಿಂತು, "ಸಿಸ್ಟರ್, ನಂಗೆ ಹೊಟ್ಟೆ ಸಣ್ಣ ಮಾಡೋ ಆಪರೇಶನ್ ಆಗಿದೆ. ಮಹಿಳಾ ದಿನದ ಓಟಕ್ಕೆ ಹೆಸರು ಕೊಡಬಹುದಾ?" ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ಕೆಲವರು ನಕ್ಕರು. ನಾವು ನಗಲಿಲ್ಲ. ಯಾಕೆಂದರೆ 2024ರಲ್ಲಿ ಇಂಥದ್ದೇ ಒಬ್ಬ ಸಹೋದರಿಗೆ ನಾವು ಹಿಂದೆ ಮುಂದೆ ನೋಡದೆ "ಓಡಿ, ಓಡಿ" ಎಂದು ಹುರಿದುಂಬಿಸಿ, ಕೊನೆಗೆ ಆಸ್ಪತ್ರೆಗೆ ಕರಕೊಂಡು ಹೋಗುವ ಹಾಗೆ ಮಾಡಿದ್ದೆವು. ಅದೇ ಸಹೋದರಿ ಮುಂದಿನ ವರ್ಷ 5 ಕಿಲೋಮೀಟರ್ ಓಟವನ್ನು ಮುಗಿಸಿದರು. ಈ ಎರಡರ ಮಧ್ಯೆ ಏನೇನು ಮಾಡಿದೆವು ಎಂಬುದನ್ನು ಈ ಸಲ ಬರೆಯುತ್ತಿದ್ದೇವೆ. "ಬರೀರಿ ಸಿಸ್ಟರ್, ಹೆಸರು ಮಾತ್ರ ಹಾಕ್ಬೇಡಿ" ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಇದು ಯಾವ ಆಪರೇಶನ್?

ನಮ್ಮ ಕಡೆ 'ಹೊಟ್ಟೆ ಆಪರೇಶನ್' ಎಂದರೆ ಮಕ್ಕಳಾಗದ ಹಾಗೆ ಮಾಡಿಸುವುದು, ಇಲ್ಲವೇ ಗರ್ಭಕೋಶ ತೆಗೆಸುವುದು ಎಂದೇ ಅರ್ಥ. ಇದು ಅದಲ್ಲ. ಕೊಬ್ಬನ್ನು ಮೆಶಿನ್‌ನಿಂದ ಹೀರಿ ತೆಗೆಯುವುದೂ ಅಲ್ಲ. ಇದರಲ್ಲಿ ಜಠರವನ್ನೇ ಚಿಕ್ಕದು ಮಾಡುತ್ತಾರೆ. ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಒಂದು ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಬೈಪಾಸ್ ಎಂಬ ವಿಧಾನದಲ್ಲಿ (ಹಾರ್ಟಿನ ಬೈಪಾಸ್ ಅಲ್ಲ) ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ತಿಂದ ಆಹಾರ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡರಲ್ಲೂ ಹಸಿವು ಕಡಿಮೆಯಾಗುತ್ತದೆ, ಸ್ವಲ್ಪ ತಿಂದರೆ ಹೊಟ್ಟೆ ತುಂಬುತ್ತದೆ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ನೋವು ಇರುವ ಎಷ್ಟೋ ಜನಕ್ಕೆ ಇದರಿಂದ ಒಳ್ಳೆಯದಾಗಿದೆ.

ಇದನ್ನು ಚಂದ ಕಾಣಲಿಕ್ಕೆ ಮಾಡಿಸುವ ಆಪರೇಶನ್ ಎಂದು ನಾವು ತಿಳಿಯಬಾರದು. ಮದುವೆಗೆ ಮುಂಚೆ ಹುಡುಗಿಗೆ ಮಾಡಿಸಿಬಿಡೋಣ ಎಂದು ಸಾಲಕ್ಕೆ ಅರ್ಜಿ ಹಿಡಿದು ಬಂದ ತಾಯಿಯನ್ನು ನಾವು ವಾಪಸು ಕಳಿಸಿದ್ದೇವೆ. ವಿಮೆಯವರೂ ಅಷ್ಟು ಸುಲಭವಾಗಿ ಹಣ ಕೊಡುವುದಿಲ್ಲ. 2020ರಲ್ಲಿ ಜಾರಿಗೆ ಬಂದ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದ ಪ್ರಕಾರ 18 ವರ್ಷ ತುಂಬಿರಬೇಕು, ವೈದ್ಯರ ಸಲಹೆ ಇರಬೇಕು. ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 35ಕ್ಕಿಂತ ಮೇಲಿದ್ದರೆ, ಬೇರೆ ವಿಧಾನಗಳಿಂದ ತೂಕ ಇಳಿಯದೆ ಗಂಭೀರ ಕಾಯಿಲೆಯೂ ಜೊತೆಗೆ ಇರಬೇಕು. ಬಿ.ಎಂ.ಐ. ಎಂದರೆ ಕೆ.ಜಿ.ಯಲ್ಲಿ ತೂಕವನ್ನು ಮೀಟರಿನಲ್ಲಿ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ. ನಾವು ಹೇಳುತ್ತಿರುವ ಸಹೋದರಿಯ ಎತ್ತರ 157 ಸೆಂಟಿಮೀಟರ್, ಆಗಿನ ತೂಕ 112 ಕೆ.ಜಿ. ಅಂದರೆ ಬಿ.ಎಂ.ಐ. 45. ಸಕ್ಕರೆ ಕಾಯಿಲೆ ಇತ್ತು. ಟೈಲರಿಂಗ್ ಅಂಗಡಿಯಲ್ಲಿ ಮೆಶಿನ್ ಪೆಡಲು ತುಳಿಯಲು ಆಗದಷ್ಟು ಮಂಡಿ ನೋವು. 2024ರ ಜನವರಿಯಲ್ಲಿ ಸ್ಲೀವ್ ಆಪರೇಶನ್ ಆಯಿತು.

ನಮ್ಮಿಂದ ಆದ ತಪ್ಪು

ಆಗಸ್ಟ್‌ನಲ್ಲಿ ನಮ್ಮ ವಾರ್ಷಿಕ ಸಮಾವೇಶ ನಡೆಯಿತು. ಆ ಹೊತ್ತಿಗೆ ಅವರ ತೂಕ 84 ಕೆ.ಜಿ.ಗೆ ಇಳಿದಿತ್ತು. ಎಲ್ಲರೂ ನೋಡಿ ಬೆರಗಾದರು. ಮಧ್ಯಾಹ್ನದ ಆಟೋಟದಲ್ಲಿ 200 ಮೀಟರ್ ಓಟಕ್ಕೆ ಹೆಸರು ಕರೆಯುವಾಗ ಮೈಕ್ ಹಿಡಿದಿದ್ದವರು ನಾವೇ. "ಬನ್ನಿ, ಈಗ ನೀವು ಓಡದೆ ಇನ್ಯಾರು ಓಡ್ತಾರೆ!" ಎಂದೆವು. ಚಪ್ಪಾಳೆ ಬಿತ್ತು. ಬೇಡ ಅನ್ನಲು ಅವರಿಗೆ ಸಂಕೋಚವಾಗಿ ಬಂದು ನಿಂತರು. ಅರ್ಧ ದಾರಿಯಲ್ಲಿ ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟರು.

ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ನೋಡಿದರೆ 7.8. ಹೆಂಗಸರಿಗೆ 12 ಇರಬೇಕು. ಆಮೇಲೆ ಒಂದೊಂದೇ ವಿಷಯ ಹೊರಗೆ ಬಂತು. ಬೆಳಿಗ್ಗೆ ಆರು ಗಂಟೆಯಿಂದ ಅಡಿಗೆ ಕೆಲಸದಲ್ಲಿದ್ದವರು ಒಂದು ಲೋಟ ಕಾಫಿ ಬಿಟ್ಟರೆ ಏನೂ ತಿಂದಿರಲಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೆ ಮಲಬದ್ಧತೆ ಆಗುತ್ತದೆ ಎಂದು ಎರಡು ತಿಂಗಳಿಂದ ಬಿಟ್ಟಿದ್ದರು. ಸಕ್ಕರೆ ಮಾತ್ರೆಯನ್ನು ಮಾತ್ರ ಹಳೆಯ ಚೀಟಿಯಂತೆಯೇ ನುಂಗುತ್ತಿದ್ದರು. ತೂಕ ಇಳಿದ ಹಾಗೆ ಆ ಮಾತ್ರೆ ಕಡಿಮೆ ಮಾಡಿಸಬೇಕೆಂದು ಗೊತ್ತಿರಲಿಲ್ಲ. ರಕ್ತ ಕಡಿಮೆ, ಹೊಟ್ಟೆ ಖಾಲಿ, ಸಕ್ಕರೆ ಇಳಿಸುವ ಮಾತ್ರೆ ಪೂರ್ತಿ. ಅದರ ಮೇಲೆ ಬಿಸಿಲಲ್ಲಿ ಓಟ. ಬೀಳದೆ ಇದ್ದಿದ್ದರೆ ಆಶ್ಚರ್ಯ.

ಇದು ಅವರೊಬ್ಬರ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆ ಇರುವವರ ಜಠರವನ್ನು ಚಿಕ್ಕದು ಮಾಡಿದರೆ ತಿನ್ನುವುದೂ ಕಡಿಮೆ, ತಿಂದದ್ದರಿಂದ ಕಬ್ಬಿಣ ಹೀರುವುದೂ ಕಡಿಮೆ. ತಿಂಗಳ ಮುಟ್ಟು ಮಾತ್ರ ನಿಲ್ಲುವುದಿಲ್ಲ. ಮೇಲೆ ನೋಡಲು ಸಣ್ಣಗಾಗಿ ಲಕ್ಷಣವಾಗಿ ಕಾಣುತ್ತಾರೆ, ಒಳಗೆ ಬರಿದಾಗಿರುತ್ತಾರೆ. ನಾವು ಸಮಾಜ ಕಾರ್ಯ ಓದಿದವರು, ಇಷ್ಟು ವರ್ಷ ಹಳ್ಳಿಗಳಲ್ಲಿ ರಕ್ತಹೀನತೆಯ ಶಿಬಿರ ನಡೆಸಿದವರು. ಆದರೂ ಇಳಿದ ತೂಕವನ್ನು ಮಾತ್ರ ನೋಡಿ ಮೋಸ ಹೋದೆವು.

ಮೊದಲು ಊಟದ ಲೆಕ್ಕ

ಸಂಘದಲ್ಲಿ ಉಳಿತಾಯ ಎಷ್ಟಿದೆ ಎಂದು ನೋಡದೆ ಸಾಲ ಕೊಡುತ್ತೇವೆಯೇ? ಓಟವೂ ಒಂದು ಖರ್ಚು. ಈ ಆಪರೇಶನ್ ಆದವರಿಗೆ ಜಮಾ ಕಡಿಮೆ. ಆದ್ದರಿಂದ ಓಡಲು ಶುರು ಮಾಡುವ ಮುಂಚೆ ದಿನಕ್ಕೆ ಏನು ಹೊಟ್ಟೆಗೆ ಹೋಗುತ್ತಿದೆ ಎಂಬ ಲೆಕ್ಕ ಬರೆಯಬೇಕು. ನಮ್ಮ ಸಹೋದರಿ ಹಳೆಯ ನಡಾವಳಿ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದರು.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರೋಟೀನ್. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಇದು ಸಿಗದಿದ್ದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸುತ್ತದೆ, ಕೂದಲು ಉದುರುತ್ತದೆ. ತೂಕದ ಮೆಶಿನ್‌ನಲ್ಲಿ ಕಾಂಟಾ ಇಳಿಯುತ್ತಲೇ ಇರುತ್ತದೆ, ನಮಗೆ ಖುಷಿ. ಆದರೆ ಇಳಿದದ್ದು ಕೊಬ್ಬೋ ಮಾಂಸವೋ ಎಂದು ಮೆಶಿನ್ ಹೇಳುವುದಿಲ್ಲ. ಮಾಂಸಖಂಡ ಹೋದರೆ ಓಡುವುದಕ್ಕೆ ಕಾಲಲ್ಲಿ ಶಕ್ತಿ ಎಲ್ಲಿಂದ ಬರಬೇಕು?

60 ಗ್ರಾಂ ಎಂದರೆ ನಮ್ಮ ಅಡಿಗೆ ಮನೆಯಲ್ಲಿ ಎಷ್ಟು? ಎರಡು ಮೊಟ್ಟೆಯಲ್ಲಿ 12 ಗ್ರಾಂ. ಹಾಲು ಮೊಸರು ಸೇರಿ ಅರ್ಧ ಲೀಟರಿನಲ್ಲಿ 16. ಕೋಳಿ ಅಥವಾ ಮೀನು 100 ಗ್ರಾಂ ತಿಂದರೆ ಸುಮಾರು 20. ಒಂದು ಹಿಡಿ, ಅಂದರೆ 30 ಗ್ರಾಂ ತೊಗರಿಬೇಳೆ, ಹೆಸರುಕಾಳು ಅಥವಾ ಹುರುಳಿಕಾಳಿನಲ್ಲಿ 7. ಒಣ ಸೋಯಾ ಉಂಡೆ 10 ಗ್ರಾಂ ಹಾಕಿದರೆ 5. ಒಟ್ಟು 60 ಆಯಿತು. ಮಾಂಸ ಮೀನು ತಿನ್ನದವರು ಸೋಯಾ, ಕಾಳು, ಪನೀರ್ ಹೆಚ್ಚು ಮಾಡಬೇಕು. ಆದರೆ ಇದನ್ನೆಲ್ಲ ಎರಡು ಹೊತ್ತಿನಲ್ಲಿ ತಿನ್ನಲು ಆ ಹೊಟ್ಟೆಯಲ್ಲಿ ಜಾಗವಿಲ್ಲ. ಐದಾರು ಸಲ ಹಂಚಿಕೊಂಡು, ಚೆನ್ನಾಗಿ ಅಗಿದು, ನಿಧಾನವಾಗಿ ತಿನ್ನಬೇಕು. ತಟ್ಟೆಯಲ್ಲಿ ಮೊದಲು ಮೊಟ್ಟೆ, ಕಾಳು, ಆಮೇಲೆ ಪಲ್ಯ, ಮುದ್ದೆ ಅನ್ನ ಕಡೆಗೆ.

ಇಲ್ಲಿ ಜಗಳವೇ ಆಯಿತು. ನಮ್ಮ ಕಡೆ ಮುದ್ದೆ ಮೊದಲು ಮುರಿಯದೆ ಊಟವೇ ಆಗುವುದಿಲ್ಲವಲ್ಲ! "ಮುದ್ದೆ ಬಿಟ್ರೆ ಶಕ್ತಿ ಎಲ್ಲಿಂದ ಬರುತ್ತೆ?" ಎಂದು ಅವರ ಅತ್ತೆ ಕೇಳಿದರು. ರಾಗಿ ಒಳ್ಳೆಯದೇ, ಅದರಲ್ಲಿ ಕ್ಯಾಲ್ಶಿಯಂ ಬೇಕಾದಷ್ಟಿದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನ್ ಇರುವುದು ಸುಮಾರು 7 ಗ್ರಾಂ ಮಾತ್ರ. ಒಂದು ಮುದ್ದೆಯಿಂದಲೇ ಹೊಟ್ಟೆ ತುಂಬಿಬಿಟ್ಟರೆ ಮೊಟ್ಟೆ ಕಾಳಿಗೆ ಜಾಗ ಇರುವುದಿಲ್ಲ. ಕೊನೆಗೆ ನಿಂಬೆಹಣ್ಣಿನ ಗಾತ್ರದ ಮುದ್ದೆ, ಜೊತೆಗೆ ಗಟ್ಟಿ ಹುರುಳಿಕಾಳು ಸಾರು ಎಂದು ರಾಜಿ ಆಯಿತು.

ಊಟದ ಜೊತೆ ನೀರು ಕುಡಿಯಬಾರದು, ಊಟವಾಗಿ ಅರ್ಧ ಗಂಟೆ ಬಿಡಬೇಕು. ಆದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಹೋಗಲೇಬೇಕು. ಗಟಗಟ ಕುಡಿಯಲು ಆಗದ ಕಾರಣ ಬಾಟಲಿ ಜೊತೆಯಲ್ಲಿಟ್ಟುಕೊಂಡು ಇಡೀ ದಿನ ಗುಟುಕು ಗುಟುಕಾಗಿ ಕುಡಿಯಬೇಕು. ಓಟ ಮುಗಿಸಿ ಬಂದ ಕೂಡಲೇ ಒಂದು ಚೊಂಬು ನೀರು ಎತ್ತುವ ಅಭ್ಯಾಸ ಇವರಿಗೆ ಆಗುವುದಿಲ್ಲ. ಹಿಂದಿನ ದಿನದಿಂದಲೇ ನೀರು ತುಂಬಿಸಿಕೊಂಡಿರಬೇಕು.

ಉಪವಾಸದ ವಿಷಯವನ್ನೂ ಹೇಳಿಬಿಡುತ್ತೇವೆ. ಸೋಮವಾರ, ಶನಿವಾರ, ಸಂಕಷ್ಟಿ, ತಪಸ್ಸು ಕಾಲ, ರಂಜಾನ್ ಎಂದು ಎಲ್ಲ ಧರ್ಮದ ಹೆಂಗಸರೂ ಉಪವಾಸ ಮಾಡುವವರೇ. ಕಥೋಲಿಕ ಸಹೋದರಿಯರಿಗೆ ನಾವು ಸ್ಪಷ್ಟವಾಗಿ ಹೇಳಬಹುದು: ಕಾಯಿಲೆ ಇರುವವರಿಗೆ ಉಪವಾಸದಿಂದ ವಿನಾಯಿತಿ ಇದೆ, ಅದರಿಂದ ಪಾಪ ಬರುವುದಿಲ್ಲ. ರಂಜಾನ್ ಉಪವಾಸದಲ್ಲೂ ಕಾಯಿಲೆಯವರಿಗೆ ರಿಯಾಯಿತಿ ಇದೆ. ನಮ್ಮ ಸಹೋದರಿಯ ಓಟ ವಿಭೂತಿ ಬುಧವಾರ ಕಳೆದು ನಾಲ್ಕೇ ದಿನಕ್ಕೆ ಬಿದ್ದಿತ್ತು. "ಬುಧವಾರ ಒಂದಿನ ಮಾಡ್ತೀನಿ ಸಿಸ್ಟರ್, ಚಿಕ್ಕಂದಿನಿಂದ ಬಿಟ್ಟಿಲ್ಲ" ಎಂದು ಅತ್ತರು. ಮಾಂಸ ಬಿಡಿ, ಟಿ.ವಿ. ಬಿಡಿ, ಮೊಸರು ಬೇಳೆ ಮಾತ್ರ ಬಿಡಬೇಡಿ ಎಂದೆವು.

ಮಾತ್ರೆಗಳು ಜೀವನಪೂರ್ತಿ

ಆಪರೇಶನ್ ಖರ್ಚು ಲಕ್ಷಗಟ್ಟಲೆ ಎಂದು ಎಲ್ಲರಿಗೂ ಗೊತ್ತು. ಆದರೆ ಆಮೇಲೆ ತಿಂಗಳು ತಿಂಗಳು ಬರುವ ಮಾತ್ರೆ ಖರ್ಚನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಮಲ್ಟಿವಿಟಮಿನ್, ಕಬ್ಬಿಣ, ಬಿ12, ಕ್ಯಾಲ್ಶಿಯಂ, ವಿಟಮಿನ್ ಡಿ, ಇವು ಒಂದು ವರ್ಷದ ಕೋರ್ಸ್ ಅಲ್ಲ, ಜೀವನಪೂರ್ತಿ ಬೇಕು. ಸಾಲಕ್ಕೆ ಅರ್ಜಿ ಹಾಕುವವರು ಇದನ್ನೂ ಸೇರಿಸಿ ನೋಡಿರಿ.

ಕಬ್ಬಿಣ ಮತ್ತು ಕ್ಯಾಲ್ಶಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಬೇಕು. ಒಂದು ಇನ್ನೊಂದನ್ನು ತಡೆಯುತ್ತದೆ. ಟೀ ಕಾಫಿ ಜೊತೆಗೂ ಕಬ್ಬಿಣ ಬೇಡ. ನಿಂಬೆ ಪಾನಕ (ಸಕ್ಕರೆ ಇಲ್ಲದ್ದು) ಜೊತೆಗಾದರೆ ಒಳ್ಳೆಯದು. ಕ್ಯಾಲ್ಶಿಯಂನಲ್ಲಿ ಸಿಟ್ರೇಟ್ ಎಂಬುದನ್ನು ಕೇಳಿ ತೆಗೆದುಕೊಳ್ಳಿ, ಆಮ್ಲ ಕಡಿಮೆ ಇರುವ ಹೊಟ್ಟೆಯಲ್ಲೂ ಅದು ಹೀರಿಕೊಳ್ಳುತ್ತದೆ. ಬಿ12 ಕೊರತೆ ಬೇಗ ಕಾಣಿಸುವುದಿಲ್ಲ. ದೇಹದಲ್ಲಿ ದಾಸ್ತಾನು ಇರುವುದರಿಂದ ವರ್ಷಗಳ ಮೇಲೆ ಪಾದ ಜುಮುಜುಮು ಎನ್ನುವುದು, ಮರೆವು, ಸುಸ್ತು ಎಂದು ಬರುತ್ತದೆ. ಓಡಿದ್ದರಿಂದ ಕಾಲು ಜುಮು ಅನ್ನುತ್ತಿದೆ ಎಂದುಕೊಂಡು ಸುಮ್ಮನಿರಬೇಡಿ. ನಮ್ಮ ಸಹೋದರಿಗೆ ಮಾತ್ರೆಯಿಂದ ಹಿಮೋಗ್ಲೋಬಿನ್ ಏರದೆ ಡ್ರಿಪ್ ಮೂಲಕ ಕಬ್ಬಿಣ ಕೊಡಬೇಕಾಯಿತು. ಅಕ್ಟೋಬರ್ ಹೊತ್ತಿಗೆ 11.4ಕ್ಕೆ ಬಂತು. ಆಮೇಲೆಯೇ ವೈದ್ಯರು ಓಡಲು ಚೀಟಿ ಬರೆದುಕೊಟ್ಟರು.

ಇನ್ನೊಂದು ಬಹಳ ಮುಖ್ಯ. ಓಡಲು ಶುರು ಮಾಡಿದವರಿಗೆ ಮೈಕೈ ನೋವು ಬರುವುದು ಸಹಜ. ತಕ್ಷಣ ಮೆಡಿಕಲ್ ಶಾಪಿಗೆ ಹೋಗಿ "ನೋವಿನ ಮಾತ್ರೆ ಕೊಡಿ" ಎನ್ನುತ್ತೇವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಜಾತಿಯ ಮಾತ್ರೆಗಳು ಈ ಆಪರೇಶನ್ ಆದವರಿಗೆ ಅಪಾಯ. ಬೈಪಾಸ್ ಆದವರಿಗಂತೂ ಕೂಡಿಸಿದ ಜಾಗದಲ್ಲಿ ಹುಣ್ಣಾಗಿ ರಕ್ತ ಬರಬಹುದು. ಪ್ಯಾರಾಸಿಟಮಾಲ್ ಅಳತೆಯಲ್ಲಿ ತೆಗೆದುಕೊಳ್ಳಬಹುದು. ನೋವು ಅದಕ್ಕೂ ಬಗ್ಗದಿದ್ದರೆ ಓಟ ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕೇ ಹೊರತು ಜೋರು ಮಾತ್ರೆ ನುಂಗಿ ಓಡಬಾರದು. ಅಂಗಡಿಯವರಿಗೆ ನಿಮ್ಮ ಆಪರೇಶನ್ ವಿಷಯ ಗೊತ್ತಿರುವುದಿಲ್ಲ, ನೀವೇ ಹೇಳಬೇಕು.

ಸಕ್ಕರೆ, ಬಿ.ಪಿ. ಮಾತ್ರೆ ಇರುವವರು ತೂಕ ಇಳಿದ ಹಾಗೆ ಅಳತೆ ಬದಲಾಯಿಸಲು ವೈದ್ಯರನ್ನು ಕಾಣಬೇಕು. ನೀವಾಗಿಯೇ ನಿಲ್ಲಿಸಲೂ ಬೇಡಿ, ಹಳೆಯ ಚೀಟಿಯನ್ನೇ ಮುಂದುವರಿಸಲೂ ಬೇಡಿ. ಮಕ್ಕಳು ಬೇಕೆಂದಿರುವ ಸಹೋದರಿಯರು ಆಪರೇಶನ್ ನಂತರ ಒಂದರಿಂದ ಒಂದೂವರೆ ವರ್ಷ ಕಾಯಬೇಕು. ತೂಕ ಇಳಿದಾಗ ಮುಟ್ಟು ಸರಿಯಾಗಿ ಗರ್ಭ ನಿಲ್ಲುವುದೂ ಸುಲಭವಾಗುತ್ತದೆ, ಅದಕ್ಕೇ ಈ ಮಾತನ್ನು ಮೊದಲೇ ವೈದ್ಯರ ಹತ್ತಿರ ಆಡಿರಿ.

ನಡಿಗೆಯಿಂದ ಓಟಕ್ಕೆ

ಆಪರೇಶನ್ ಆದ ಮೊದಲ ದಿನವೇ ನಡೆಸುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಎಂಬ ಕಾರಣಕ್ಕೆ. ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಸಲ ಹತ್ತು ಹತ್ತು ನಿಮಿಷ ಅಂಗಳದಲ್ಲಿ ನಡೆದರೆ ಸಾಕು. ನಾಲ್ಕರಿಂದ ಆರು ವಾರ ಭಾರ ಎತ್ತಬಾರದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಸೌದೆ ಹೊರೆ ಯಾವುದೂ ಬೇಡ. ಈ ಸಮಯದಲ್ಲಿ ಜ್ವರ, ಜೋರಾದ ಹೊಟ್ಟೆನೋವು, ಸುಮ್ಮನೆ ಕೂತರೂ ಎದೆ ಡವಡವ, ಒಂದೇ ಕಾಲು ಊದುವುದು ಇವು ಕಂಡರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಓಟದ ಮಾತು ಮೂರು ತಿಂಗಳ ಮುಂಚೆ ಎತ್ತಲೇಬೇಡಿ. ಆಗಲೂ ವೈದ್ಯರು ಒಪ್ಪಬೇಕು, ರಕ್ತ ಪರೀಕ್ಷೆ ಸರಿ ಇರಬೇಕು, 40 ನಿಮಿಷ ನಿಲ್ಲದೆ ಬಿರುಸಾಗಿ ನಡೆಯಲು ಆಗಬೇಕು. "ಮಂಡಿ ಸವೆದು ಹೋಗುತ್ತೆ" ಎಂದು ಹೆದರಿಸುವವರು ಇರುತ್ತಾರೆ. ಮಂಡಿ ಸವೆತ ಇರುವ ಭಾರೀ ದೇಹದವರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಒಂದು ಕೆ.ಜಿ. ತೂಕ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು ನಾಲ್ಕು ಕೆ.ಜಿ. ಭಾರ ಕಡಿಮೆಯಾಗುತ್ತದೆ ಎಂದು ಕಂಡುಬಂದಿದೆ. ನಮ್ಮ ಸಹೋದರಿ ಇಳಿಸಿದ ತೂಕಕ್ಕೆ ನೀವೇ ಲೆಕ್ಕ ಹಾಕಿ. ಆದರೆ ಮಾಂಸಖಂಡ ಗಟ್ಟಿಯಾಗದೆ ಓಡಿದರೆ ಮಂಡಿ ನೋಯುವುದು ನಿಜ. ಅದಕ್ಕೆ ದಿನಾ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಮಾಡಿಸಿದೆವು. ಟೈಲರಿಂಗ್ ಅಂಗಡಿಯಲ್ಲೇ ಮಾಡಿದರು. ಬಟ್ಟೆ ಕೊಡಲು ಬಂದವರು ನೋಡಿ ನಕ್ಕರಂತೆ, ಇಬ್ಬರು ತಾವೂ ಕಲಿತರಂತೆ.

ಅಕ್ಟೋಬರ್ ಮೂರನೇ ವಾರದಿಂದ ಮಾರ್ಚ್‌ವರೆಗೆ, ಸುಮಾರು ಇಪ್ಪತ್ತು ವಾರ ತಯಾರಿ. ವಾರಕ್ಕೆ ಮೂರು ದಿನ ಮಾತ್ರ, ಮಧ್ಯೆ ಒಂದು ದಿನ ವಿಶ್ರಾಂತಿ. ಐದು ನಿಮಿಷ ನಡಿಗೆ; ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಹೀಗೆ ಎಂಟು ಸಲ; ಮತ್ತೆ ಐದು ನಿಮಿಷ ನಡಿಗೆ. ಎರಡು ವಾರ ಇಷ್ಟೇ. ಆಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಸಲೀಸಾದ ಮೇಲೆ ಮೂರು, ಆಮೇಲೆ ಐದು. ಯಾವ ವಾರ ಕಷ್ಟವಾಯಿತೋ ಆ ವಾರವನ್ನೇ ಇನ್ನೊಮ್ಮೆ ಮಾಡಬೇಕು. ಡಿಸೆಂಬರಿನಲ್ಲಿ ಕ್ರಿಸ್ಮಸ್ ಬಟ್ಟೆ ಹೊಲಿಯುವ ಗಡಿಬಿಡಿಯಲ್ಲಿ ಮೂರು ವಾರ ತಪ್ಪಿತು. ಜನವರಿಯಲ್ಲಿ ಎರಡು ಹೆಜ್ಜೆ ಹಿಂದೆ ಬಂದು ಶುರು ಮಾಡಿದರು.

ಕೈಗಡಿಯಾರ ನೋಡುತ್ತಾ ಓಡುವುದು ಅವರಿಗೆ ಒಗ್ಗಲಿಲ್ಲ. ಜಪಸರ ಹೇಳಿ ಅಭ್ಯಾಸ ಇದ್ದವರು ಮೂರು ನಮೋ ಮರಿಯ ಮುಗಿಯುವವರೆಗೆ ಓಟ, ಆರು ಮುಗಿಯುವವರೆಗೆ ನಡಿಗೆ ಎಂದು ಲೆಕ್ಕ ಇಟ್ಟರು. ಜೊತೆಗೆ ಬರುತ್ತಿದ್ದ ಇಬ್ಬರು ಲೈಟ್ ಕಂಬ ಎಣಿಸಿದರು. ಎರಡೂ ಸರಿಯೇ. ಇದರಲ್ಲಿ ಇನ್ನೊಂದು ಲಾಭ ಇದೆ. ಓಡುವಾಗ ಬಾಯಿಬಿಟ್ಟು ಪೂರ್ತಿ ವಾಕ್ಯ ಹೇಳಲು ಆಗುತ್ತಿದ್ದರೆ ವೇಗ ಸರಿ ಇದೆ ಎಂದರ್ಥ. ಏದುಸಿರು ಬಂದು ಮಾತು ತುಂಡಾಗುತ್ತಿದ್ದರೆ ನಿಧಾನ ಮಾಡಬೇಕು. ಹೆಚ್ಚಿನವರು ಸೋಲುವುದು ಮೊದಲೇ ಜೋರಾಗಿ ಓಡಿ.

ಓಡುವ ಒಂದು ಗಂಟೆ ಮುಂಚೆ ಅರ್ಧ ಬಾಳೆಹಣ್ಣು ಅಥವಾ ಅರ್ಧ ಇಡ್ಲಿ. ಪೂರ್ತಿ ಖಾಲಿ ಹೊಟ್ಟೆ ಬೇಡ, ತುಂಬಿದ ಹೊಟ್ಟೆಯೂ ಬೇಡ. ಓಡಿ ಬಂದ ಮೇಲೆ ಒಂದು ಬೇಯಿಸಿದ ಮೊಟ್ಟೆ ಅಥವಾ ಒಂದು ಲೋಟ ಮಜ್ಜಿಗೆ. ಓಡಿದ್ದೇವೆ ಎಂದು ಹೆಚ್ಚಿಗೆ ತಿನ್ನುವ ಲೆಕ್ಕಾಚಾರ ಬೇಡ. 80 ಕೆ.ಜಿ. ಇರುವವರು 5 ಕಿಲೋಮೀಟರ್ ಓಡಿದರೆ ಖರ್ಚಾಗುವುದು ಸುಮಾರು 400 ಕ್ಯಾಲೊರಿ. ಹೋಟೆಲಿನ ಒಂದು ಮಸಾಲೆ ದೋಸೆಗೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ತೂಕ ಇಳಿಸಿದ್ದು ಆಪರೇಶನ್ ಮತ್ತು ಊಟ. ಓಟದ ಕೆಲಸ ಬೇರೆ: ಮಾಂಸಖಂಡ, ಮೂಳೆ, ಹೃದಯ, ಮನಸ್ಸು. ಈ ಆಪರೇಶನ್ ನಂತರ ಮೂಳೆ ತೆಳ್ಳಗಾಗುವ ಭಯ ಇದೆ, ಕಾಲ ಮೇಲೆ ಭಾರ ಬಿಟ್ಟು ಮಾಡುವ ವ್ಯಾಯಾಮ ಅದಕ್ಕೆ ಒಳ್ಳೆಯದು.

ಬಟ್ಟೆಬರೆ ಬಗ್ಗೆ ಹೇಳಲು ನಾಚಿಕೆ ಪಡಬೇಕಾಗಿಲ್ಲ. ತೂಕ ಇಳಿದ ಮೇಲೆ ಹೊಟ್ಟೆ, ತೊಡೆ, ತೋಳಿನ ಚರ್ಮ ಜೋತು ಬೀಳುತ್ತದೆ. ಓಡುವಾಗ ಉಜ್ಜಿ ಗಾಯವಾಗುತ್ತದೆ. ಬೆವರು ಒರೆಸಿ ಒಣಗಿಸಿ, ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಮೈಗೆ ಹತ್ತುವ ಲೆಗಿಂಗ್ಸ್ ಮೇಲೆ ಉದ್ದ ಟಾಪ್ ಹಾಕಿದರೆ ಆಯಿತು. ಒಳಗೆ ಬಿಗಿಯಾದ ಸ್ಪೋರ್ಟ್ಸ್ ಬ್ರಾ ಬೇಕು. ಶೂ ಮಾತ್ರ ಒಳ್ಳೆಯದಿರಲಿ. ಮಗನ ಹಳೆಯ ಕ್ಯಾನ್ವಾಸ್ ಶೂ ಹಾಕಿ ಅವರು ಮೊದಲ ವಾರವೇ ಹಿಮ್ಮಡಿ ನೋವು ತಂದುಕೊಂಡರು. ತೂಕ ಇಳಿದಾಗ ಪಾದದ ಅಳತೆಯೂ ಸಣ್ಣದಾಗಬಹುದು, ಹೊಸದಾಗಿ ಅಳೆಸಿ ಕೊಳ್ಳಿರಿ. ಸಂಘದ ಒಳಸಾಲದಲ್ಲಿ ಶೂ ತೆಗೆದುಕೊಂಡ ಮೊದಲ ಸದಸ್ಯೆ ಬಹುಶಃ ಇವರೇ ಇರಬೇಕು. ಮೂರು ಕಂತಿನಲ್ಲಿ ತೀರಿಸಿದರು.

ಒಬ್ಬರೇ ಕತ್ತಲಲ್ಲಿ ಹೋಗಬೇಡಿ. ನಾಯಿ ಕಾಟ ಒಂದು, ಜನರ ಬಾಯಿ ಇನ್ನೊಂದು. "ಆಪರೇಶನ್ ಮಾಡಿಸ್ಕೊಂಡು ಸಣ್ಣ ಆದವಳು, ಈಗ ಓಡೋ ನಾಟಕ" ಎಂದು ಸಂಘದವರೇ ಆಡಿದ ಮಾತು ಅವರಿಗೆ ಆಸ್ಪತ್ರೆ ಸೂಜಿಗಿಂತ ಹೆಚ್ಚು ಚುಚ್ಚಿತ್ತು. ಹೊಟ್ಟೆ ಕತ್ತರಿಸಿಕೊಳ್ಳುವುದು ಸುಲಭದ ದಾರಿ ಎನ್ನುವವರು ಒಂದು ವಾರ ಅವರ ತಟ್ಟೆಯಲ್ಲಿ ಊಟ ಮಾಡಿ ನೋಡಲಿ. ಸಭೆ ಸಮಾರಂಭದಲ್ಲಿ "ಇಷ್ಟೇ ತಿಂದ್ರೆ ಹೇಗಕ್ಕ, ಇನ್ನೊಂದು ಚೂರು" ಎಂದು ಬಡಿಸುವುದನ್ನೂ ದಯವಿಟ್ಟು ಬಿಡಿ. ಪ್ರೀತಿಯಿಂದ ಬಡಿಸಿದ ಆ ಒಂದು ಚೂರು ಅವರಿಗೆ ವಾಂತಿ ತರಿಸುತ್ತದೆ.

ಓಟದ ದಿನ

2025ರ ಮಾರ್ಚ್‌ನ ಒಂದು ಭಾನುವಾರ, ಬೆಳಿಗ್ಗೆ ಆರೂವರೆಗೆ ಓಟ ಶುರು. ನಾವು ಹಿಂದಿನ ಸಂಜೆಯೇ ಬಾಟಲಿಗಳನ್ನು ತುಂಬಿಸಿಟ್ಟೆವು. ಇಂಥ ಓಟಗಳಲ್ಲಿ ದಾರಿಯುದ್ದಕ್ಕೂ ಸ್ವಯಂಸೇವಕರು ಗ್ಲೂಕೋಸ್ ನೀರು, ಜ್ಯೂಸ್, ಬೆಲ್ಲ ಕೊಡುತ್ತಾರೆ. ಬೇರೆಯವರಿಗೆ ಅದು ಒಳ್ಳೆಯದು. ಈ ಆಪರೇಶನ್ ಆದವರಿಗೆ ಸಿಹಿ ನೀರು ಒಮ್ಮೆಲೇ ಕರುಳಿಗೆ ಇಳಿದರೆ ಎದೆ ಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ ಆಗುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಸಕ್ಕರೆ ಅಂಶ ತೀರಾ ಇಳಿದು ಕೈಕಾಲು ನಡುಗುತ್ತದೆ. ಬೈಪಾಸ್ ಆದವರಿಗೆ ಹೆಚ್ಚು, ಸ್ಲೀವ್ ಆದವರಲ್ಲೂ ಕೆಲವರಿಗೆ ಆಗುತ್ತದೆ. ಓಟದ ದಿನ ಹೊಸದಾಗಿ ಏನನ್ನೂ ಬಾಯಿಗೆ ಹಾಕಬಾರದು. ತಯಾರಿಯ ದಿನಗಳಲ್ಲಿ ಯಾವುದು ಒಗ್ಗಿತ್ತೋ ಅದು ಮಾತ್ರ. ಅವರಿಗೆ ಒಗ್ಗಿದ್ದು ಬರೀ ನೀರು ಮತ್ತು ಉಪ್ಪು ಹಾಕಿದ ತಿಳಿ ಮಜ್ಜಿಗೆ.

ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ ಎಂದು ಮೊದಲೇ ತೀರ್ಮಾನವಾಗಿತ್ತು. ಮೊದಲ ಕಿಲೋಮೀಟರಿನಲ್ಲಿ ಎಲ್ಲರೂ ಇವರನ್ನು ಹಿಂದೆ ಹಾಕಿ ಹೋದರು. ಮೂರನೇ ಕಿಲೋಮೀಟರಿನಲ್ಲಿ ಹಾಗೆ ಹೋದವರಲ್ಲಿ ಹಲವರು ಸೊಂಟ ಹಿಡಿದು ನಿಂತಿದ್ದರು. ನಾಲ್ಕನೆಯದರಲ್ಲಿ ಒಂದು ಏರು ಇತ್ತು, ಅಲ್ಲಿ ಇವರು ಪೂರ್ತಿ ನಡೆದರು. ತಲೆ ಸುತ್ತು, ತಣ್ಣನೆ ಬೆವರು, ಎದೆ ನೋವು, ಕಣ್ಣು ಮಂಜು ಇವುಗಳಲ್ಲಿ ಯಾವುದು ಬಂದರೂ ಅಲ್ಲೇ ಕೂತುಬಿಡಬೇಕು, ಮೆಡಲ್ ಆಸೆ ಪಡಬಾರದು ಎಂದು ನಮಗೂ ಅವರಿಗೂ ಮೊದಲೇ ಮಾತಾಗಿತ್ತು. ಅಂಥದ್ದೇನೂ ಬರಲಿಲ್ಲ. 46 ನಿಮಿಷಕ್ಕೆ ಮುಗಿಸಿದರು. ಆ ದಿನ ತೂಕ 74 ಕೆ.ಜಿ., ಹಿಂದಿನ ವಾರದ ಹಿಮೋಗ್ಲೋಬಿನ್ 12.1. ನಮ್ಮನ್ನು ನೋಡಿ ಮೊದಲು ಹೇಳಿದ ಮಾತು, "ಸಿಸ್ಟರ್, ಈ ಸಲ ಮೈಕ್ ಎಲ್ಲಿ?" ನಾವು ತಲೆ ತಗ್ಗಿಸಿದೆವು.

ಇನ್ನು ಸಭೆಯಲ್ಲಿ ಪ್ರಶ್ನೆ ಕೇಳಿದ ಸಹೋದರಿಯ ವಿಷಯ. ಆಪರೇಶನ್ ಆಗಿ ಎಷ್ಟು ದಿನವಾಯಿತು ಎಂದು ಕೇಳಿದೆವು. ಏಳು ವಾರ ಎಂದರು. ಓಟಕ್ಕೆ ಇನ್ನು ಉಳಿದಿದ್ದದ್ದು ಐದೇ ವಾರ. ಈ ವರ್ಷ ಹೆಸರು ಕೊಡುವುದು ಬೇಡ ಎಂದಾಗ ಮುಖ ಸಣ್ಣದಾಯಿತು. ದಿನಾ ನಡೆಯಲಿ, ನೀರಿನ ಟೇಬಲ್ ಹತ್ತಿರ ನಮ್ಮ ಜೊತೆ ನಿಲ್ಲಲಿ, ಗ್ಲೂಕೋಸ್ ಹಾಕದ ಬರೀ ನೀರಿನ ಲೋಟಗಳನ್ನು ಬೇರೆ ಇಡುವ ಕೆಲಸ ಅವರದ್ದು ಎಂದು ಒಪ್ಪಿಸಿದ್ದೇವೆ. ನಿಮ್ಮ ಸಂಘಗಳಲ್ಲಿ ಈ ಆಪರೇಶನ್ ಆದವರು ಇನ್ನೂ ಯಾರಾದರೂ ಇದ್ದರೆ, ಮುಂದಿನ ತಿಂಗಳ ಸಭೆಗೆ ಬರುವಾಗ ಇತ್ತೀಚಿನ ರಕ್ತ ಪರೀಕ್ಷೆಯ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಇಷ್ಟನ್ನು ತರಲು ಪ್ರತಿನಿಧಿಗಳು ತಿಳಿಸಬೇಕು. ವರದಿ ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಹೊಸದಾಗಿ ಮಾಡಿಸಿ ತನ್ನಿರಿ.